ಕಾಡಿಗೆ ಹೋಗಲು ಲೆಕ್ಕ ಏಕೆ?

ಮಕ್ಕಳೇ, ರಜೆ ಬಂತೆಂದರೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬಹಳ ಜನ ಪಶ್ಚಿಮ ಘಟ್ಟಕ್ಕೆ ಚಾರಣ ಹೊರಡುತ್ತಾರೆ. 2024ರ ಜನವರಿ ಕೊನೆಯಲ್ಲಿ ಸಾಲು ರಜೆ ಇದ್ದಾಗ, ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಟ್ಟಿಗೆ ಬಂದರು. ಅದೇ ವರ್ಷ ಸರ್ಕಾರ ನಿಯಮ ತಂದಿತು: ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಮಾತ್ರ.

“ಕಾಡು ಎಲ್ಲರದಲ್ಲವೇ? ಲೆಕ್ಕ ಏಕೆ?” ಎಂದು ನೀವು ಕೇಳಬಹುದು. ಲೆಕ್ಕ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಪ್ರಯೋಗ ಮಾಡಿ. ಶಾಲೆಯ ಮೈದಾನದಲ್ಲಿ ಎಲ್ಲರೂ ನಡೆದಾಡುವ ಕಡೆ ಒಂದು ಲೋಟ ನೀರು ಸುರಿಯಿರಿ. ಮರದ ಕೆಳಗಿನ ಮೆತ್ತನೆಯ ಮಣ್ಣಿಗೆ ಇನ್ನೊಂದು ಲೋಟ ಸುರಿಯಿರಿ. ಯಾವುದು ಬೇಗ ಇಂಗಿತು? ತುಳಿದ ಮಣ್ಣು ಗಟ್ಟಿಯಾಗಿ ಅದರ ಕಣಗಳ ನಡುವಿನ ಸಂದು ಮುಚ್ಚಿರುತ್ತದೆ. ಬೆಟ್ಟದಲ್ಲಾದರೆ, ಇಂಗದ ನೀರು ಮಣ್ಣನ್ನೂ ಕೊಚ್ಚಿಕೊಂಡು ಇಳಿಯುತ್ತದೆ. ಜನ ಹೆಚ್ಚಾದರೆ ಕಾಲುದಾರಿ ಸಾಲದೆ ಪಕ್ಕದ ನೆಲವನ್ನೂ ತುಳಿಯುತ್ತಾರೆ.

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. ಇಲ್ಲಿನ ನಿತ್ಯಹರಿದ್ವರ್ಣ ಕಾಡಿನಲ್ಲಿ ತರಗೆಲೆ, ಬೇರು, ಅಣಬೆ, ಎರೆಹುಳು ಎಲ್ಲವೂ ಸೇರಿ ನೆಲವನ್ನು ಸ್ಪಂಜಿನಂತೆ ಮಾಡಿವೆ. ಸಸಿಗಳನ್ನು ನಾವು ಒಂದೇ ದಿನದಲ್ಲಿ ನೆಡಬಹುದು; ಇಂಥ ನೆಲವನ್ನು ಹಾಗೆ ಮಾಡಲಾಗದು. ಪುಷ್ಪಗಿರಿ ಬೆಟ್ಟಗಳಲ್ಲಿ ಹುಟ್ಟುವ ಹಾರಂಗಿ ಹೊಳೆ ಕಾವೇರಿಯನ್ನು ಸೇರುತ್ತದೆ. ನಿಮ್ಮ ನಲ್ಲಿಗೆ ಕಾವೇರಿ ನೀರು ಬರುತ್ತಿದ್ದರೆ, ಅದರಲ್ಲಿ ಆ ಕಾಡಿನ ಪಾಲೂ ಇದೆ.

ಆದರೆ ಫೋನು, ಹಣ, ವಾಹನ ಇದ್ದವರು ಮಾತ್ರ ಕಾಡು ನೋಡುವಂತಾದರೆ ಅದು ನ್ಯಾಯವಲ್ಲ. ಕಾರ್ಖಾನೆಗಳ ನಡುವೆ ಓದುವ ನಿಮಗೂ ಆ ಅವಕಾಶ ಸಿಗಬೇಕು. ನೀವು ಶಿಖರ ಏರಬೇಕಾಗಿಲ್ಲ. ಬಲ್ಲವರ ಜೊತೆ ಕಾಡಿನ ಅಂಚಿನಲ್ಲಿ ಒಂದು ಗಂಟೆ ನಡೆದರೂ ಸಾಕು. ಅರಣ್ಯ ಇಲಾಖೆ ‘ಚಿಣ್ಣರ ವನ ದರ್ಶನ’ ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ದದ್ದುಂಟು. ನಮ್ಮನ್ನೂ ಕರೆದುಕೊಂಡು ಹೋಗಿ ಎಂದು ಶಿಕ್ಷಕರ ನೆರವಿನಿಂದ ಇಲಾಖೆಗೆ ಪತ್ರ ಬರೆಯಿರಿ.

ಹೋದಾಗ ಕಾಲುದಾರಿ ಬಿಟ್ಟು ನಡೆಯಬೇಡಿ. ಕಸ ಬಿಟ್ಟು ಬರಬೇಡಿ, ಏನನ್ನೂ ಕಿತ್ತು ತರಬೇಡಿ. ಕಾಡು ಎಲ್ಲರದೂ ಹೌದು. ಮುಂದೆ ಬರುವವರದೂ ಹೌದು.