ಹೆತ್ತ ಕರುಳೂ ಕೂಸಿನ ಕರುಳೂ

ಕನ್ನಡದಲ್ಲಿ ‘ಕರುಳು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಉಂಡ ಅನ್ನ ಪಚನವಾಗುವ ಅಂಗ, ಇನ್ನೊಂದು, ಮಮತೆ. ‘ಹೆತ್ತ ಕರುಳು’, ‘ಕರುಳಿನ ಕುಡಿ’ ಎಂದು ನುಡಿಯುವಾಗ ಎರಡನೆಯ ಅರ್ಥವೇ ನಮ್ಮ ಮನಸ್ಸಿನಲ್ಲಿರುತ್ತದೆ. ಆದರೆ ಹೆತ್ತ ಕರುಳಿನ ಮಮತೆ ಕೂಸಿನ ಕರುಳಿನ ಸ್ಥಿತಿಯನ್ನು ಅರಿಯದೆ ಹೋದಲ್ಲಿ ಪ್ರೀತಿಯಿಂದಲೇ ಅಪಾಯ ಒದಗುವುದುಂಟು. ಅಕ್ಷರ ದಾಸೋಹದ ಈ ಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನೆತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಕೂಸು ಬದುಕಿ ಬೆಳೆದರಲ್ಲವೇ ಶಾಲೆಗೆ ಬರುವುದು? ಆದುದರಿಂದ ಸಂಕೋಚವಿಲ್ಲದೆ ಎರಡು ಮಾತು ಬರೆಯುತ್ತಿದ್ದೇನೆ.

ಹುಟ್ಟಿದ ಗಳಿಗೆಯಿಂದ ಕೂಸಿನ ಕರುಳಿನಲ್ಲಿ ಅಸಂಖ್ಯ ಅಣುಜೀವಿಗಳು ನೆಲೆಸತೊಡಗುತ್ತವೆ. ಬ್ಯಾಕ್ಟೀರಿಯಾ ಎಂದೊಡನೆ ರೋಗವೆಂದು ಬೆದರುವುದು ನಮ್ಮ ವಾಡಿಕೆ. ಆದರೆ 1900ರ ಸುಮಾರಿಗೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆನ್ರಿ ತಿಸಿಯೇ ಎಂಬ ವೈದ್ಯನು, ಮೊಲೆಹಾಲುಣ್ಣುವ ಆರೋಗ್ಯವಂತ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾ ಹೇರಳವಾಗಿರುವುದನ್ನು ಕಂಡನು. ಅದನ್ನೇ ಇಂದು ಬೈಫಿಡೋಬ್ಯಾಕ್ಟೀರಿಯಂ ಎನ್ನುತ್ತಾರೆ. ಇಲ್ಲಿ ಪ್ರಕೃತಿಯ ಒಂದು ಏರ್ಪಾಡನ್ನು ಗಮನಿಸಬೇಕು. ತಾಯಿಯ ಹಾಲಿನಲ್ಲಿ ಕೂಸು ತಾನೇ ಅರಗಿಸಿಕೊಳ್ಳಲಾರದ ಕೆಲವು ಸಕ್ಕರೆಗಳು ಗಣನೀಯ ಪ್ರಮಾಣದಲ್ಲಿವೆ. ಕೂಸಿಗೆ ದಕ್ಕದ ಆ ಆಹಾರವು ಈ ಬ್ಯಾಕ್ಟೀರಿಯಾಗಳಿಗೆ ಮೀಸಲು. ತಾಯಿ ಒಂದೇ ಮೊಲೆಯಲ್ಲಿ ಕೂಸಿಗೂ ಅದರ ಒಳಗಿನ ಕಾವಲುಗಾರರಿಗೂ ಉಣಿಸುತ್ತಾಳೆ! ಹೀಗೆ ಉಂಡ ಅಣುಜೀವಿಗಳು ಕರುಳಿನಲ್ಲಿ ಆಮ್ಲಗುಣವನ್ನು ಹೆಚ್ಚಿಸಿ, ರೋಗಾಣುಗಳಿಗೆ ಸುಲಭವಾಗಿ ಎಡೆ ಸಿಗದಂತೆ ಮಾಡುತ್ತವೆ.

ಇನ್ನು ಶತ್ರುವಿನ ವಿಚಾರ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿ ಹಾಗೂ ಅವರ ಸಹೋದ್ಯೋಗಿಗಳು, ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನ ಒಳಪದರದಲ್ಲಿ ಒಂದು ವೈರಾಣುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗುರುತಿಸಿದರು. ಬಂಡಿಯ ಗಾಲಿಯಂತೆ ತೋರಿದ ಅದಕ್ಕೆ, ಗಾಲಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ‘ರೋಟಾವೈರಸ್’ ಎಂಬ ಹೆಸರಾಯಿತು. ಲಸಿಕೆ ಬರುವ ಮುಂಚೆ, ಬಡವರ ಮನೆಯಿರಲಿ ಬಲ್ಲಿದರ ಮನೆಯಿರಲಿ, ಐದು ವರ್ಷ ತುಂಬುವುದರೊಳಗೆ ಇದರ ಸೋಂಕು ತಗುಲದ ಮಗುವೇ ಜಗತ್ತಿನಲ್ಲಿ ವಿರಳವಾಗಿತ್ತು. ಸೋಂಕು ಎಲ್ಲರಿಗೂ ಸಮವಾಗಿದ್ದರೂ ಸಾವು ಸಮವಾಗಿರಲಿಲ್ಲ. ಅದು ಬಡವರ ತೊಟ್ಟಿಲನ್ನೇ ಹುಡುಕಿಕೊಂಡು ಬಂದಿತು.

ಈ ವೈರಾಣುವಿಗೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ಏನು ಸಂಬಂಧ? 2019ರಲ್ಲಿ ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸೋಜಿಗವನ್ನು ಪ್ರಕಟಿಸಿದರು. ರೋಗನಿರೋಧಕ ಶಕ್ತಿ ಕುಂದಿದ್ದ ಕೆಲವು ಇಲಿಗಳಿಗೂ ರೋಟಾವೈರಸ್ ಸೋಂಕು ನಾಟದೆ ಹೋಯಿತು. ಕಾರಣವನ್ನು ಅರಸಲಾಗಿ, ಅವುಗಳ ಕರುಳಿನಲ್ಲಿದ್ದ ಎಳೆಯಾಕಾರದ ಒಂದು ಬಗೆಯ ಬ್ಯಾಕ್ಟೀರಿಯಾ ರಕ್ಷಣೆ ನೀಡುತ್ತಿದ್ದುದು ಕಂಡುಬಂದಿತು. ಆದರೆ ಇದನ್ನು ಕೇಳಿ ಬ್ಯಾಕ್ಟೀರಿಯಾಗಳೆಲ್ಲ ನಮ್ಮ ಬಂಧುಗಳೆಂದು ಬಗೆಯಲಾಗದು. 2011ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ನಡೆದ ಪ್ರಯೋಗಗಳಿಂದ, ಪೋಲಿಯೋ ವೈರಾಣು ಕರುಳಿನ ಬ್ಯಾಕ್ಟೀರಿಯಾಗಳನ್ನೇ ಆಸರೆಯಾಗಿ ಬಳಸಿಕೊಳ್ಳುವುದು ತಿಳಿದುಬಂದಿದೆ. ಮನೆಯೊಳಗೆ ಕಾವಲುಗಾರನೂ ಇರಬಹುದು, ಕಳ್ಳನಿಗೆ ಬಾಗಿಲು ತೆರೆಯುವವನೂ ಇರಬಹುದು. ಈ ಸೂಕ್ಷ್ಮವನ್ನು ಮರೆತು ವ್ಯಾಪಾರಿಗಳ ಜಾಹೀರಾತಿಗೆ ಮರುಳಾಗಬಾರದು.

ಇದಕ್ಕೆ ಎರಡು ನಿದರ್ಶನಗಳು ಸಾಕು. ಪಿನಾಕಿ ಪಾಣಿಗ್ರಾಹಿ ಅವರ ತಂಡವು ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಯ್ದ ಒಂದು ಲ್ಯಾಕ್ಟೋಬ್ಯಾಸಿಲಸ್ಸನ್ನು ಅದರ ಆಹಾರದೊಡನೆ ಏಳು ದಿನ ನೀಡಲಾಯಿತು. ಎರಡು ತಿಂಗಳೊಳಗೆ ನಂಜಿಗೆ ಅಥವಾ ಸಾವಿಗೆ ಈಡಾದ ಶಿಶುಗಳ ಪ್ರಮಾಣವು ಇನ್ನೊಂದು ಗುಂಪಿನಲ್ಲಿ ಶೇಕಡಾ 9 ಇದ್ದರೆ, ಇವರಲ್ಲಿ ಶೇಕಡಾ 5.4ಕ್ಕೆ ಇಳಿಯಿತು, ಶ್ವಾಸಕೋಶದ ಸೋಂಕುಗಳೂ ತಗ್ಗಿದವು. ಆದರೆ ಮರುವರ್ಷ, 2018ರಲ್ಲಿ, ಅಮೆರಿಕ ಮತ್ತು ಕೆನಡಾಗಳಲ್ಲಿ ವಾಂತಿಭೇದಿಯ ಮಕ್ಕಳಿಗೆ ಬೇರೆ ಬಗೆಯ ಲ್ಯಾಕ್ಟೋಬ್ಯಾಸಿಲಸ್ ಪುಡಿಗಳನ್ನು ನೀಡಿ ನೋಡಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಯಾವ ಅಣುಜೀವಿ, ಯಾವ ವಯಸ್ಸು, ಯಾವ ಕಾಲ ಎಂಬುದೇ ಇಲ್ಲಿ ಮುಖ್ಯ. ಅಂಗಡಿಯಲ್ಲಿ ಸಿಕ್ಕ ಪೊಟ್ಟಣವು ತಾಯಿಯ ಹಾಲಿಗೆ ಬದಲಿಯಾಗಲಾರದು.

ಲಸಿಕೆಯ ಕಥೆಯಲ್ಲಿಯೂ ಕರುಳಿನ ಪಾತ್ರವುಂಟು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಎಂ. ಕೆ. ಭಾನ್ ಅವರ ತಂಡವು ನವಜಾತ ಶಿಶುಗಳಲ್ಲಿ, ಸೋಂಕಿದರೂ ರೋಗ ತಾರದ ಒಂದು ರೋಟಾವೈರಸ್ ತಳಿಯನ್ನು ಕಂಡಿತು. ನಮ್ಮ ಬೆಂಗಳೂರಿನ ಶಿಶುಗಳಲ್ಲಿಯೂ ಅಂಥದೇ ಇನ್ನೊಂದು ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗುರುತಿಸಿದರು. ದೆಹಲಿಯ ತಳಿಯಿಂದ ಸಿದ್ಧವಾದ ಲಸಿಕೆಯು 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮವನ್ನು ಸೇರಿತು. ರೋಟಾವೈರಸ್ ಲಸಿಕೆಯು ಅನಂತರ ದೇಶಕ್ಕೆಲ್ಲ ಹರಡಿತು. ಸಿರಿವಂತ ದೇಶಗಳಲ್ಲಿ ಬಾಯಿಯ ಮೂಲಕ ನೀಡುವ ಇಂಥ ಲಸಿಕೆಗಳು ತೀವ್ರ ರೋಗವನ್ನು ಶೇಕಡಾ 85ಕ್ಕೂ ಮಿಕ್ಕಿ ತಡೆದರೆ, ನಮ್ಮ ಲಸಿಕೆಯು ಪರೀಕ್ಷೆಯಲ್ಲಿ ಮೊದಲ ವರ್ಷ ಶೇಕಡಾ 56ರಷ್ಟು ತಡೆಯಿತು. ಬಡತನದಲ್ಲಿ ಮೇಲಿಂದ ಮೇಲೆ ಕೆರಳುವ ಕರುಳು, ಅಲ್ಲಿ ನೆಲೆಸಿದ ಅಣುಜೀವಿಗಳ ವ್ಯತ್ಯಾಸ ಮೊದಲಾದವು ಈ ಅಂತರಕ್ಕೆ ಕಾರಣವಿರಬೇಕೆಂದು ತಜ್ಞರು ಶಂಕಿಸಿದ್ದಾರೆ. ಹಾಗೆಂದು ಲಸಿಕೆಯನ್ನು ಬಿಡುವುದು ಅವಿವೇಕ. ಅರ್ಧಕ್ಕಿಂತ ಮಿಗಿಲಾದ ರಕ್ಷಣೆಯೆಂದರೆ ಸಾವಿರಾರು ತೊಟ್ಟಿಲುಗಳ ರಕ್ಷಣೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ತಪ್ಪದೆ ಹಾಕಿಸತಕ್ಕದ್ದು.

ಈಗ ನನ್ನ ಆಕ್ಷೇಪಣೆಯ ಮಾತಿಗೆ ಬರುತ್ತೇನೆ. ಮಗುವಿಗೆ ನೀರಿನಂಥ ಭೇದಿಯಾದೊಡನೆ ನಮ್ಮ ಮನೆಗಳಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಮೊದಲನೆಯದು, ಹಾಲು, ನೀರು, ಅನ್ನಗಳನ್ನು ನಿಲ್ಲಿಸುವುದು. ಎರಡನೆಯದು, ‘ಬಿಗಿಯಾದ ಔಷಧಿ ಕೊಡಿ’ ಎಂದು ಆಂಟಿಬಯೋಟಿಕ್‌ಗಾಗಿ ಪಟ್ಟು ಹಿಡಿಯುವುದು. ಆಂಟಿಬಯೋಟಿಕ್ ವೈರಾಣುವನ್ನು ಕೊಲ್ಲದು. ಕೊಲ್ಲುವುದು ನಾವು ಮೇಲೆ ಹೇಳಿದ ಕಾವಲುಗಾರರನ್ನು. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದೆ ಹೋದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು; ಔಷಧಿಯ ಆಯ್ಕೆ ಅವರಿಗೆ ಬಿಟ್ಟದ್ದು. ಉಳಿದಂತೆ ಬೇಕಾದುದು ಮೊಲೆಹಾಲು, ಎಂದಿನ ಆಹಾರ, ವೈದ್ಯರು ಹೇಳಿದಂತೆ ಜಿಂಕ್ ಮಾತ್ರೆ ಮತ್ತು ಜೀವಜಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪುಸಕ್ಕರೆಗಳ ನೀರನ್ನು ಬಾಯಿಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಭೇದಿಯಲ್ಲಿಯೂ ಕರುಳು ಸಕ್ಕರೆಯ ಜೊತೆಗೆ ಉಪ್ಪನ್ನು, ಉಪ್ಪಿನ ಜೊತೆಗೆ ನೀರನ್ನು ಹೀರಬಲ್ಲದೆಂಬುದೇ ಇದರ ಮರ್ಮ.

ಕೊನೆಯದಾಗಿ, ನಮ್ಮ ಪರಂಪರೆಗೆ ನಾವೇ ಎಸಗುತ್ತಿರುವ ಒಂದು ಅಪಚಾರವನ್ನು ಹೇಳದೆ ಇರಲಾರೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ ಸೂತಕವು ಅವುಗಳಲ್ಲೊಂದು. ಹೆರಿಗೆ ಮೈಲಿಗೆಯಲ್ಲ ಎಂದು ಸಾರಿದ ಸಮಾಜದಲ್ಲಿ ಹುಟ್ಟಿ, ಬಾಣಂತಿಯ ಮೊದಲ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಇವೆಯಲ್ಲ! ರೋಗನಿರೋಧಕ ಅಂಶಗಳು ತುಂಬಿ ತುಳುಕುವ ಆ ಹಾಲನ್ನು ಚೆಲ್ಲಿ, ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವುದು ಸೂತಕದ ಭ್ರಾಂತಿಯಲ್ಲದೆ ಮತ್ತೇನು? ವರ್ಷ ತುಂಬದ ಕೂಸಿಗೆ ಜೇನು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚುವುದು, ಆರು ತಿಂಗಳು ತಾಯಿಹಾಲನ್ನಲ್ಲದೆ ಅನ್ಯವನ್ನು ಕೊಡದಿರುವುದು, ಇವೆರಡೂ ನಮ್ಮ ಮನೆಗಳಲ್ಲಿ ಆಚಾರವಾಗಬೇಕು. ಎಳೆಗೂಸುಗಳನ್ನು ಆಶೀರ್ವಾದಕ್ಕಾಗಿ ಮಠಕ್ಕೆ ತರುವ ತಾಯಂದಿರು ಅನೇಕರು. ತೀರ್ಥವನ್ನು ಕೂಸಿನ ನೆತ್ತಿಗೆ ಸೋಂಕಿಸಿ, ಪ್ರಸಾದವನ್ನು ತಾಯಿಗೆ ಕೊಟ್ಟು, ‘ತಂಗೀ, ನಿನ್ನ ಹಾಲೇ ಇದಕ್ಕೆ ಪ್ರಸಾದ’ ಎಂದು ಗುರುಗಳು ಒಂದು ಮಾತು ಅಪ್ಪಣೆ ಕೊಡಿಸಿದರೆ, ಹತ್ತು ಪ್ರಚಾರ ಪತ್ರಗಳಿಂದ ಆಗದ ಕೆಲಸ ಆಗುತ್ತದೆ. ಹಾಗೆಯೇ ನಮ್ಮ ಶಾಲೆಯ ಪ್ರತಿಯೊಂದು ಮಗುವೂ ಏಳನೆಯ ತರಗತಿ ದಾಟುವ ಮುನ್ನ, ಕೈತೊಳೆದು ಒಂದು ಪೊಟ್ಟಣ ಜೀವಜಲವನ್ನು ಅಳತೆಗೆ ಸರಿಯಾಗಿ ಶುದ್ಧ ನೀರಿನಲ್ಲಿ ಕದಡಲು ಕಲಿಯಲಿ. ಮನೆಯಲ್ಲಿ ತಮ್ಮನೋ ತಂಗಿಯೋ ಬಳಲಿದಾಗ ಆ ಕಲಿಕೆ ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ಫಲವನ್ನು ಕೊಡುವುದು. ದಾಸೋಹವು ಮಠದ ಪಂಕ್ತಿಯಲ್ಲಿ ಮಾತ್ರವಲ್ಲ, ತೊಟ್ಟಿಲ ಬಳಿಯಲ್ಲೂ ನಡೆಯಲಿ ಎಂದು ಬಿನ್ನವಿಸಿ ಈ ಬರಹವನ್ನು ಮುಗಿಸುತ್ತೇನೆ.