ಭಾರ ಎತ್ತುವವರೂ ಬೆನ್ನಿಗೆ ನಿಲ್ಲುವವರೂ



ಶಕ್ತಿ ಎಂಬುದು ಹುಟ್ಟಿನಿಂದ ಬರುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಹಳ ಹಳೆಯದು. ಜಾತ್ರೆಯಲ್ಲಿ ತರುಣನೊಬ್ಬ ಸಂಗ್ರಾಣಿ ಕಲ್ಲನ್ನು ಎದೆಗೇರಿಸಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದರೆ, "ಅವರಜ್ಜನೂ ಹಿಂಗ ಇದ್ದ, ಅದು ಅವರ ಮನೆತನದಾಗ ಅದ" ಎಂದು ಜನ ಮಾತಾಡಿಕೊಳ್ಳುತ್ತಾರೆ. ಆ ತರುಣ ತಿಂಗಳುಗಟ್ಟಲೆ ನಸುಕಿನಲ್ಲೆದ್ದು ಸಣ್ಣ ಕಲ್ಲಿನಿಂದ ದೊಡ್ಡ ಕಲ್ಲಿಗೆ ಏರಿದ್ದನ್ನು, ಅವನೊಡನೆ ಇಬ್ಬರು ಗೆಳೆಯರು ನಿದ್ದೆಗೆಟ್ಟದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅರ್ಧ ಶಕ್ತಿ ಇರುವುದೇ ಅಲ್ಲಿ.

ಹಿಂದೆ ಊರಿಗೊಂದು ತಾಲೀಮು ಇರುತ್ತಿತ್ತು. ಅಲ್ಲಿ ವಸ್ತಾದಿಯ ಕಣ್ಣಿರುತ್ತಿತ್ತು, ಜೋಡಿ ಇಲ್ಲದೆ ಸಾಮು ನಡೆಯುತ್ತಿರಲಿಲ್ಲ. ಇಂದು ಅನೇಕ ಊರುಗಳಲ್ಲಿ ತಾಲೀಮಿನ ಮಣ್ಣು ಒಣಗಿದೆ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿದ್ದನ್ನು ಒಬ್ಬೊಬ್ಬರೇ ಮಾಡಲು ಹೊರಡುತ್ತಾರೆ. ಮೂರು ತಿಂಗಳಲ್ಲಿ ತೋಳು ಉಬ್ಬಬೇಕು, ಉಬ್ಬದಿದ್ದರೆ ಡಬ್ಬಿಯ ಪುಡಿ ಬೇಕು. ಇಂಜೆಕ್ಷನ್ನಿನ ಮಾತನ್ನಾಡುವವರೂ ಇದ್ದಾರೆ. ಅಂಥವರ ನೆರಳೂ ನಿಮ್ಮ ಮೇಲೆ ಬೀಳದಿರಲಿ.

ಪವರ್‌ಲಿಫ್ಟಿಂಗ್ ಎಂಬ ಕ್ರೀಡೆಯಲ್ಲಿ ಮೂರು ಎತ್ತುಗಳಿವೆ. ಬಾರನ್ನು ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆದು ಏಳುವುದು ಸ್ಕ್ವಾಟ್. ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು ಎದೆಗೆ ಇಳಿಸಿ ಮೇಲಕ್ಕೆ ನೂಕುವುದು ಬೆಂಚ್ ಪ್ರೆಸ್. ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಪ್ರತಿಯೊಂದಕ್ಕೂ ಮೂರು ಅವಕಾಶ. ಇವುಗಳಲ್ಲಿ ಬೆಂಚ್ ಪ್ರೆಸ್ಸನ್ನು ಒಬ್ಬರೇ ಮಾಡುವುದು ಅಪಾಯ. ಕೈ ಸೋತರೆ ಬಾರು ಎದೆಯ ಮೇಲೆ, ಇಲ್ಲವೆ ಕುತ್ತಿಗೆಯ ಮೇಲೆ ಬಂದು ಕೂಡುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ ವೇದಿಕೆಯ ಮೇಲೆ ಕನಿಷ್ಠ ಇಬ್ಬರು, ಹೆಚ್ಚೆಂದರೆ ಐವರು ಸಹಾಯಕರು ನಿಂತಿರಲೇಬೇಕು. ಜಗತ್ತಿನ ಅತಿ ಬಲಿಷ್ಠನಿಗೂ ಈ ನಿಯಮ ತಪ್ಪಿದ್ದಲ್ಲ. ಒಳ್ಳೆಯ ಜೊತೆಗಾರ ಅವಸರ ಮಾಡಿ ಬಾರಿಗೆ ಕೈಹಚ್ಚುವುದಿಲ್ಲ, ಕೈಹಚ್ಚಬೇಕಾದ ಗಳಿಗೆಯಲ್ಲಿ ಅತ್ತಿತ್ತ ನೋಡುವುದೂ ಇಲ್ಲ. ಇದನ್ನು ಕಲಿಯುವುದಕ್ಕೂ ಭಾರ ಎತ್ತುವುದನ್ನು ಕಲಿತಷ್ಟೇ ಕಾಲ ಬೇಕು.

ಇದರ ಸೋದರ ಕ್ರೀಡೆಯಾದ ವೇಟ್‌ಲಿಫ್ಟಿಂಗಿನಿಂದ ಒಂದು ಉದಾಹರಣೆ ಕೊಡುವೆನು. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರ ತಂದೆ ವಾಹನ ಚಾಲಕರು. ಮೊದಲು ಕುಸ್ತಿಯ ಹಂಬಲವಿದ್ದ ಗುರುರಾಜರು ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ತಿರುಗಿದರು. 2018ರ ಏಪ್ರಿಲಿನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವರ್ಗದಲ್ಲಿ, ಎರಡನೆಯ ಸುತ್ತಿನ ಮೊದಲ ಎರಡು ಯತ್ನಗಳು ವಿಫಲವಾದವು. ಉಳಿದದ್ದು ಒಂದೇ. ಆಗ ತರಬೇತುದಾರರು ಬಳಿಗೆ ಬಂದು, ಈ ಪದಕದ ಮೇಲೆ ಅವರ ಬಾಳು ಎಷ್ಟು ನಿಂತಿದೆ ಎಂಬುದನ್ನು ನೆನಪಿಸಿದರು. ಗುರುರಾಜರು 138 ಕಿಲೋ ಎತ್ತಿದರು. ಒಟ್ಟು 249 ಕಿಲೋ, ಬೆಳ್ಳಿಯ ಪದಕ. 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಅವರು 269 ಕಿಲೋ ಎತ್ತಿ ಕಂಚು ಪಡೆದರು. ಅದೇ ದಿನ ಸಾಂಗಲಿಯ ಪಾನ್ ಅಂಗಡಿಯವರ ಮಗ ಸಂಕೇತ ಸರಗರ ಮೊಣಕೈ ನೋವಿನಲ್ಲೂ ಬೆಳ್ಳಿ ಗೆದ್ದರು. ಒಬ್ಬರದು ಕನ್ನಡ, ಇನ್ನೊಬ್ಬರದು ಮರಾಠಿ. ಎರಡೂ ಭಾಷೆಗಳಲ್ಲಿ ಬೆಳೆಯುವ ನಮ್ಮ ಯೆಣೆಗೂರಿನ ಮಕ್ಕಳಿಗೆ ಇದರಲ್ಲಿ ಹೆಮ್ಮೆ ಎರಡು ಪಾಲು. ಪಕ್ಕದಲ್ಲಿ ನಿಂತವನು "ಇನ್ನೊಂದು" ಎಂದರೂ "ಅಜೂನ್ ಏಕ್" ಎಂದರೂ ಬಾರಿನ ತೂಕವೇನೂ ಬದಲಾಗದು!

ರೂಢಿಯ ವಿಷಯ. ಬರಿಯ ಬಾರಿಗೇ 20 ಕಿಲೋ ತೂಕವಿರುತ್ತದೆ. ಅದಕ್ಕೆ ಎರಡೂ ಬದಿಗೆ ಒಂದೂಕಾಲು ಕಿಲೋ ಪ್ಲೇಟು ಸೇರಿಸಿದರೆ ಏರಿಕೆ ಎರಡೂವರೆ ಕಿಲೋ. ತಿಂಗಳಿಗೆ ಇಷ್ಟೇ ಏರಿದರೂ ವರ್ಷಕ್ಕೆ 30 ಕಿಲೋ ಆಗುತ್ತದೆ. ವಾರಕ್ಕೆ ಮೂರು ದಿನ ಸಾಮು, ನಡುವೆ ವಿಶ್ರಾಂತಿ, ರಾತ್ರಿ ಎಂಟು ತಾಸು ನಿದ್ದೆ, ಜೋಳದ ರೊಟ್ಟಿ, ಬೇಳೆ, ಶೇಂಗಾ, ಹಾಲು. ಎತ್ತಿದ್ದನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಜೊತೆಗಾರನು ಮನೆಯ ಮುಂದೆ ಬಂದು ಕೂಗುತ್ತಾನೆಂಬ ಒಂದೇ ಕಾರಣಕ್ಕೆ ಚಳಿಗಾಲದ ಬೆಳಗಿನಲ್ಲಿ ಎದ್ದವರು ಎಷ್ಟೋ ಜನ.

ಪಾಲಕರಿಗೆ ಎರಡು ಮಾತು. ಭಾರ ಎತ್ತಿದರೆ ಮಕ್ಕಳು ಗಿಡ್ಡಾಗಿ ಉಳಿಯುತ್ತಾರೆಂದು ಅಂಜುವಿರಿ. ಬಲ್ಲವರ ಎದುರಿನಲ್ಲಿ, ಹಗುರ ಭಾರದಿಂದ, ಸರಿಯಾದ ರೀತಿಯಲ್ಲಿ ಕಲಿತರೆ ಹಾಗಾಗುವುದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ಹೈಸ್ಕೂಲು ವಯಸ್ಸಿನಲ್ಲಿ "ನೋಡೋಣ, ಎಷ್ಟು ಎತ್ತತೀ" ಎಂಬ ಪಂಥ ಬೇಡ. ಹೆಣ್ಣುಮಕ್ಕಳಿಗೆ ಇದು ಸಲ್ಲದೆನ್ನುವವರು, ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಪದಕ ತಂದ ಮೊದಲ ಮಹಿಳೆ ಭಾರ ಎತ್ತಿಯೇ ತಂದರೆಂಬುದನ್ನು ಮರೆತಿದ್ದಾರೆ. 2000ದಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಎತ್ತಿದ್ದು ಒಟ್ಟು 240 ಕಿಲೋ.

ಕಲಿಯಬೇಕೆನ್ನುವ ವಿದ್ಯಾರ್ಥಿಗಳು ಮೂವರು ಮೂವರಾಗಿ ಕೂಡಿರಿ. ಒಬ್ಬರು ಎತ್ತಲಿ, ಇಬ್ಬರು ಕಾಯಲಿ, ಸರದಿ ಬದಲಾಗಲಿ. ದೈಹಿಕ ಶಿಕ್ಷಣದ ಗುರುಗಳನ್ನು ಕೇಳದೆ ಯಾವ ಭಾರಕ್ಕೂ ಕೈಹಚ್ಚಬೇಡಿರಿ. ಬಾರು, ಪ್ಲೇಟು ಕೊಳ್ಳಬೇಕೆಂದು ಮನೆಯಲ್ಲಿ ಹಟ ಹಿಡಿಯುವುದೂ ಬೇಡ. ಮೊದಲ ಕೆಲವು ತಿಂಗಳಿಗೆ ಉಸುಕು ತುಂಬಿದ ಚೀಲ ಸಾಕು. ತೂಗಿ ಕೊಡಲು ಕಿರಾಣಿ ಅಂಗಡಿಯ ತಕ್ಕಡಿ ಇದ್ದೇ ಇದೆ.