ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ನಿತ್ಯಾರಾಧನೆ: ಪರ-ವಿರೋಧ

ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಪ್ರಾಥಮಿಕ ಶಾಲೆಗಳ ಪೈಕಿ ಸುಮಾರು ನಾಲ್ಕರಲ್ಲೊಂದು ಆಂಗ್ಲಿಕನ್ ಧರ್ಮಸಭೆಗೆ ಸೇರಿದುದು. ರೋಮನ್ ಕ್ಯಾಥೊಲಿಕ್ ಶಾಲೆಗಳನ್ನೂ ಕೂಡಿಸಿಕೊಂಡರೆ ಪ್ರಮಾಣವು ಮೂರರಲ್ಲೊಂದನ್ನು ಮೀರುತ್ತದೆ. ಈ ಶಾಲೆಗಳಲ್ಲಿ ಕ್ರೈಸ್ತಧರ್ಮವು ಪಾಠದ ವಿಷಯವಾಗಿರುವುದು ಮಾತ್ರವಲ್ಲ, ದಿನದಿನದ ಆಚರಣೆಯೂ ಆಗಿದೆ. ದಿನಕ್ಕೊಮ್ಮೆ ಮಕ್ಕಳೆಲ್ಲರೂ ಒಂದೆಡೆ ಸೇರಿ ಆರಾಧನೆಯಲ್ಲಿ ಪಾಲ್ಗೊಳ್ಳತಕ್ಕದ್ದೆಂಬ ವಿಧಿಯನ್ನು 1944ರ ಶಿಕ್ಷಣ ಕಾಯಿದೆಯು ಚರ್ಚಿನ ಶಾಲೆಗಳಿಗೂ ಇತರ ಸಾರ್ವಜನಿಕ ಶಾಲೆಗಳಿಗೂ ಸಮಾನವಾಗಿ ಹಾಕಿತು. 1988ರ ಕಾಯಿದೆಯು, ಚರ್ಚಿಗೆ ಸೇರದ ಶಾಲೆಗಳಲ್ಲಿಯೂ ಆ ಆರಾಧನೆ ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕೆಂದು ವಿಧಿಸಿತು. ಚರ್ಚಿನ ಶಾಲೆಗಳಲ್ಲಾದರೋ ಅದು ಆಯಾ ಶಾಲೆಯ ಸ್ಥಾಪನಾಪತ್ರದಲ್ಲಿ ಹೇಳಿರುವ ಸಂಪ್ರದಾಯಕ್ಕೆ ಅನುಸಾರವಾಗಿ ನಡೆಯುತ್ತದೆ. ಒಪ್ಪದ ತಂದೆತಾಯಿಗಳು ತಮ್ಮ ಮಗುವನ್ನು ಹೊರಗಿರಿಸಬಹುದೆಂಬ ವಿನಾಯಿತಿಯೂ ಉಂಟು. ಉದ್ಯೋಗನಿಮಿತ್ತವಾಗಿ ಆ ದೇಶಕ್ಕೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮನೆಯ ಹತ್ತಿರದ ಶಾಲೆಯೆಂದರೆ ಎಷ್ಟೋ ವೇಳೆ ಚರ್ಚಿನ ಶಾಲೆಯೇ ಆಗಿರುವುದರಿಂದ, ಈ ವಿಚಾರವು ನಮ್ಮ ಮನೆಗಳಿಗೂ ಸಂಬಂಧಪಟ್ಟದ್ದು. ಆದುದರಿಂದ ಚರ್ಚೆಯ ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳೋಣ: ಸಾರ್ವಜನಿಕ ಧನದಿಂದ ನಡೆಯುವ ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಧರ್ಮಶಿಕ್ಷಣದ ಜೊತೆಗೆ ಸಾಮೂಹಿಕ ಆರಾಧನೆಯೂ ಶಾಲಾದಿನದ ಅಂಗವಾಗಿ ಮುಂದುವರಿಯತಕ್ಕದ್ದೆ?

ಪರ

ಈ ಶಾಲೆಗಳು ಯಾರಿಂದ ಹುಟ್ಟಿದುವೆಂಬುದನ್ನು ಮೊದಲು ನೆನೆಯಬೇಕು. ಬಡವರ ಮಕ್ಕಳಿಗೆ ಅಕ್ಷರ ಕಲಿಸುವುದು ತನ್ನ ಕರ್ತವ್ಯವೆಂದು ಬ್ರಿಟಿಷ್ ಸರ್ಕಾರಕ್ಕೆ ತೋರುವುದಕ್ಕೆ ಬಹಳ ಮುಂಚೆಯೇ, 1811ರಲ್ಲಿ, ಆಂಗ್ಲಿಕನ್ ಸಭೆಯವರು ನ್ಯಾಷನಲ್ ಸೊಸೈಟಿಯೆಂಬ ಸಂಸ್ಥೆಯನ್ನು ಕಟ್ಟಿ ಊರೂರಿನಲ್ಲಿಯೂ ಶಾಲೆ ತೆರೆಯಲು ಹೊರಟರು; ಪಾರ್ಲಿಮೆಂಟು ಶಾಲಾಕಟ್ಟಡಗಳಿಗೆಂದು ಮೊತ್ತಮೊದಲ ಬಾರಿಗೆ 20,000 ಪೌಂಡುಗಳನ್ನು ಮಂಜೂರು ಮಾಡಿದ್ದು 1833ರಲ್ಲಿ. 1944ರಲ್ಲಿ ಶಿಕ್ಷಣಾಧಿಕಾರವನ್ನು ಹೊಂದಿದ್ದ ಬಟ್ಲರ್ ಅವರಿಗೂ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರಿಗೂ ನಡುವೆ ದೀರ್ಘ ಸಮಾಲೋಚನೆ ನಡೆದು, ಸಾವಿರಾರು ಚರ್ಚು ಶಾಲೆಗಳು ರಾಷ್ಟ್ರೀಯ ವ್ಯವಸ್ಥೆಯೊಳಕ್ಕೆ ಬಂದುವು. ಶಾಲೆ ಸಮಸ್ತರಿಗೂ ತೆರೆದಿರಲಿ, ಅದರ ಧಾರ್ಮಿಕ ಪ್ರಾಣವು ಮಾತ್ರ ಉಳಿಯಲಿ ಎಂಬುದೇ ಆ ಒಡಂಬಡಿಕೆಯ ತಿರುಳು. ಒಂದು ಪಕ್ಷದವರು ತಮ್ಮ ಕಟ್ಟಡವನ್ನೂ ನಿವೇಶನವನ್ನೂ ಪರಂಪರೆಯನ್ನೂ ನೀಡಿಯಾದ ಮೇಲೆ, ಇನ್ನೊಂದು ಪಕ್ಷದವರು ತಾವಿತ್ತ ಮಾತಿನ ಮುಖ್ಯಾಂಶವನ್ನೇ ಹಿಂದಕ್ಕೆ ತೆಗೆದುಕೊಳ್ಳುವುದು ನ್ಯಾಯವೆನಿಸದು.

ಆದರೆ ಇತಿಹಾಸದ ಹಕ್ಕಿಗಿಂತ ಹೆಚ್ಚಿನದಾದ ಶಿಕ್ಷಣತತ್ತ್ವವೊಂದು ಇಲ್ಲಿದೆ. ಸಂಗೀತವನ್ನು ಒಮ್ಮೆಯೂ ಕೇಳದ ಬಾಲಕನಿಗೆ ರಾಗಲಕ್ಷಣವನ್ನು ಎಷ್ಟು ವಿವರಿಸಿದರೇನು, ಅದು ಬರಿಯ ಶಬ್ದವಾಗಿಯೇ ಉಳಿಯುವುದು. ಅಂತೆಯೇ, ಜನರು ಯಾಕೆ ತಲೆಬಾಗುತ್ತಾರೆ, ಕೃತಜ್ಞತೆ ಎಂದರೇನು, ಮೌನದಲ್ಲಿ ಏನು ನಡೆಯುತ್ತದೆ ಎಂಬುದನ್ನು ಸಮೀಪದಿಂದ ಕಾಣದ ಮಗುವಿಗೆ ಧರ್ಮವೆಂಬುದು ಪರೀಕ್ಷೆಗೆ ಬಾಯಿಪಾಠ ಮಾಡತಕ್ಕ ಹೆಸರುಗಳ ಪಟ್ಟಿಯಾಗಿಬಿಡುತ್ತದೆ. ಕ್ರಿಸ್ಮಸ್ ಋತುವಿನಲ್ಲಿ ಈ ಶಾಲೆಗಳೊಳಗೆ ನಡೆಯುವ ಕ್ರಿಸ್ಟಿಂಗಲ್ ಎಂಬ ಆಚರಣೆಯನ್ನು ನೋಡಿದವರಿಗೆ ಈ ಮಾತಿನ ಸತ್ಯ ತಿಳಿದೀತು. ಮಗುವಿನ ಕೈಗೆ ಒಂದು ಕಿತ್ತಳೆಹಣ್ಣು ಬರುತ್ತದೆ. ಹಣ್ಣು ಭೂಗೋಳ, ಅದರ ನಡುವಿಗೆ ಸುತ್ತಿದ ಕೆಂಪು ಪಟ್ಟಿ ಯೇಸುವಿನ ರಕ್ತ, ನಾಲ್ಕು ಕಡೆ ಚುಚ್ಚಿದ ಕಡ್ಡಿಗಳಲ್ಲಿನ ಒಣದ್ರಾಕ್ಷಿಯೂ ಮಿಠಾಯಿಯೂ ನಾಲ್ಕು ಋತುಗಳ ಫಲ, ಮೇಲೆ ನೆಟ್ಟ ಮೇಣದಬತ್ತಿ ಜಗತ್ತಿನ ಬೆಳಕು. ಆರು ವರ್ಷದ ಮಗು ಅದನ್ನು ತನ್ನ ಕೈಯಾರೆ ಸಿದ್ಧಪಡಿಸಿ ಹಿಡಿದು ನಿಂತಾಗ, ಕ್ರೈಸ್ತರ ನಂಬಿಕೆಯ ಸಾರವನ್ನು ಯಾವ ಪಠ್ಯಪುಸ್ತಕವೂ ತಿಳಿಸಲಾರದಷ್ಟು ನಿಚ್ಚಳವಾಗಿ ತಿಳಿಯುತ್ತದೆ. ತಿಳಿದ ಮಾತ್ರಕ್ಕೆ ಅದು ತನ್ನ ಮನೆಯ ದೇವರನ್ನು ಬಿಡಬೇಕಾಗಿಯೂ ಇಲ್ಲ.

ಆರಾಧನೆಯೆಂದೊಡನೆ ಬಲಾತ್ಕಾರವನ್ನು ಕಲ್ಪಿಸಿಕೊಳ್ಳುವವರು ಇಂದಿನ ಪದ್ಧತಿಯನ್ನು ಅರಿಯರು. ಅದು ಎಲ್ಲರನ್ನೂ ಒಳಗೊಳ್ಳುವಂತಹುದೂ ಕರೆಯುವಂತಹುದೂ ಸ್ಫೂರ್ತಿ ನೀಡುವಂತಹುದೂ ಆಗಿರಬೇಕೆಂಬುದು ಆಂಗ್ಲಿಕನ್ ಸಭೆಯೇ ತನ್ನ ಶಾಲೆಗಳಿಗೆ ನೀಡಿರುವ ಸೂಚನೆ. ಸಭಾಂಗಣದ ನೆಲದ ಮೇಲೆ ಮಕ್ಕಳು ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಾರೆ. ಸಣ್ಣ ಮೇಜಿನ ಮೇಲೆ ಮೇಣದಬತ್ತಿಯನ್ನು ಹಚ್ಚುತ್ತಾರೆ. ಒಂದು ಕಥೆ, ಒಂದು ಹಾಡು, ಬಳಿಕ ಚಿಕ್ಕದೊಂದು ಪ್ರಾರ್ಥನೆ. ಪ್ರಾರ್ಥನೆಗೆ ಮುಂಚೆ ಉಪಾಧ್ಯಾಯರು, ಇದನ್ನು ನಿಮ್ಮದಾಗಿ ಮಾಡಿಕೊಳ್ಳಬೇಕೆನ್ನಿಸಿದವರು ಕೊನೆಯಲ್ಲಿ ಆಮೆನ್ ಎನ್ನಿ, ಬೇಡವೆನಿಸಿದವರು ಸುಮ್ಮನೆ ಕುಳಿತು ಯೋಚಿಸಿ ಎಂದು ಹೇಳುವುದು ವಾಡಿಕೆಯಾಗಿದೆ. ಶಾಲೆಗೆ ದುಃಖ ಬಂದೊದಗಿದಾಗ ಈ ನಿತ್ಯಕ್ರಮದ ಬೆಲೆ ಗೊತ್ತಾಗುತ್ತದೆ. ಸಹಪಾಠಿಯೊಬ್ಬನು ತೀರಿಕೊಂಡ ದಿನ, ಮಕ್ಕಳಿಗೆ ಏನು ಹೇಳಬೇಕು, ಎಲ್ಲಿ ಕೂಡಿಸಬೇಕು, ಅಳುವುದಕ್ಕೆ ಅವರಿಗೆ ಹೇಗೆ ಅವಕಾಶ ಮಾಡಿಕೊಡಬೇಕು ಎಂಬುದನ್ನು ಆ ಗಳಿಗೆಯಲ್ಲಿ ಹೊಸದಾಗಿ ಕಂಡುಹಿಡಿಯಬೇಕಾದ ಶಾಲೆಗಿಂತ, ದಿನವೂ ಒಟ್ಟಾಗಿ ಮೌನದಲ್ಲಿ ಕುಳಿತು ಅಭ್ಯಾಸವುಳ್ಳ ಶಾಲೆಯು ಆ ಮಕ್ಕಳನ್ನು ಹೆಚ್ಚು ಮೃದುವಾಗಿ ಕೈಹಿಡಿದು ನಡೆಸಬಲ್ಲುದು.

ಪ್ರಾರ್ಥನೆಯನ್ನು ತೆಗೆದುಹಾಕಿದ ಶಾಲೆಯು ನಿಷ್ಪಕ್ಷಪಾತವಾಗುವುದೆಂಬುದೂ ಭ್ರಾಂತಿ. ದಿನಕ್ಕೆ ಆರು ಗಂಟೆಗಳ ಕಾಲ ದೇವರ ಹೆಸರನ್ನೇ ಎತ್ತದ ಶಾಲೆಯು, ಎತ್ತದಿರುವುದರಿಂದಲೇ, ಅದು ಬದುಕಿಗೆ ಬೇಕಾದ ವಿಷಯವಲ್ಲವೆಂಬ ಬೋಧೆಯನ್ನು ನೀಡುತ್ತಿರುತ್ತದೆ. ಬರ್ಮಿಂಗ್‌ಹ್ಯಾಮ್, ಬ್ಲ್ಯಾಕ್‌ಬರ್ನ್ ಮೊದಲಾದ ನಗರಗಳಲ್ಲಿ ಮುಸ್ಲಿಂ ಮಕ್ಕಳೇ ಅಧಿಕ ಸಂಖ್ಯೆಯಲ್ಲಿರುವ ಆಂಗ್ಲಿಕನ್ ಶಾಲೆಗಳಿರುವುದು ಆಕಸ್ಮಿಕವಲ್ಲ. ದೈವಭಕ್ತಿಯನ್ನು ನಗೆಪಾಟಲು ಮಾಡದ ಶಾಲೆ ಬೇಕೆಂದು ಬಯಸುವ ತಂದೆತಾಯಿಗಳು ಎಲ್ಲ ಮತಗಳಲ್ಲಿಯೂ ಇದ್ದಾರೆ. ನಮ್ಮಲ್ಲಿಯೂ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಶಾಲೆಗಳಲ್ಲಿ ಬೈಬಲಿನ ಕಥೆಗಳನ್ನು ಕೇಳುತ್ತಲೇ ಅಕ್ಷರ ಕಲಿತ ಅನ್ಯಮತೀಯರು ತಲೆಮಾರುಗಳ ಕಾಲ ಕರಾವಳಿಯಲ್ಲಿ ಬಾಳಿದರು. ಅವರಲ್ಲಿ ಬಹುಮಂದಿ ಸ್ವಧರ್ಮವನ್ನು ಉಳಿಸಿಕೊಂಡೇ ಪರಧರ್ಮದ ಪರಿಚಯವನ್ನೂ ಪಡೆದರು. ಇಷ್ಟಾದ ಮೇಲೂ ಮನಸ್ಸೊಪ್ಪದವರಿಗೆ ಮಗುವನ್ನು ಹೊರಗಿರಿಸುವ ಹಕ್ಕಿದ್ದೇ ಇದೆ, ಅದಕ್ಕೆ ಅವರು ಕಾರಣವನ್ನು ಕೂಡ ಹೇಳಬೇಕಾಗಿಲ್ಲ. ಒಪ್ಪದವರಿಗೆ ಬಾಗಿಲು ತೆರೆದಿರುವಾಗ, ಒಪ್ಪಿದವರ ಪ್ರಾರ್ಥನೆಯನ್ನು ನಿಲ್ಲಿಸಬೇಕೆನ್ನುವುದು ಸ್ವಾತಂತ್ರ್ಯದ ರಕ್ಷಣೆಯಲ್ಲ, ಅದರ ಸಂಕೋಚ.

ವಿರೋಧ

ಧರ್ಮವನ್ನು ಶಾಲೆಯಿಂದ ಅಟ್ಟಿಬಿಡಬೇಕೆಂಬುದು ನಮ್ಮ ವಾದವಲ್ಲ. ಬೈಬಲನ್ನು ಅರಿಯದವನಿಗೆ ಇಂಗ್ಲೆಂಡಿನ ಸಾಹಿತ್ಯವೂ ಚಿತ್ರಕಲೆಯೂ ನ್ಯಾಯಪದ್ಧತಿಯೂ ಅರ್ಧಮರ್ಧವಾಗಿಯೇ ತಿಳಿಯುವುದರಿಂದ, ಕ್ರೈಸ್ತಧರ್ಮವನ್ನು ಅಲ್ಲಿನ ಎಲ್ಲ ಮಕ್ಕಳೂ ಚೆನ್ನಾಗಿ ಓದಬೇಕು. ಇಸ್ಲಾಮನ್ನೂ ಹಿಂದೂಧರ್ಮವನ್ನೂ ಯೆಹೂದ್ಯಮತವನ್ನೂ ದೇವರನ್ನೊಪ್ಪದವರ ಚಿಂತನೆಯನ್ನೂ ಅದೇ ಗೌರವದಿಂದ ಓದಬೇಕು. ಕಿತ್ತಳೆಹಣ್ಣಿನ ಮೇಲೆ ಬತ್ತಿಯನ್ನು ನೆಟ್ಟು ಅದರ ಅರ್ಥವನ್ನು ತಿಳಿಸುವುದಕ್ಕೂ ನಮ್ಮ ಆಕ್ಷೇಪಣೆಯಿಲ್ಲ. ಕ್ರೈಸ್ತರು ಹೀಗೆ ನಂಬುತ್ತಾರೆ ಎಂದು ತಿಳಿಸುವುದು ಶಿಕ್ಷಣ. ನಾವೆಲ್ಲರೂ ಈಗ ದೇವರನ್ನು ಹೀಗೆ ಬೇಡಿಕೊಳ್ಳೋಣ ಎನ್ನುವುದು ಉಪಾಸನೆ. ಮೊದಲನೆಯದಕ್ಕೆ ಗುರುವಿಗೆ ಅಧಿಕಾರವುಂಟು. ಎರಡನೆಯದಕ್ಕೆ ಉಪಾಸಕನ ಸಮ್ಮತಿ ಬೇಕು. ಐದು ವರ್ಷದ ಮಗು ಆ ಸಮ್ಮತಿಯನ್ನು ಕೊಡುವ ಸ್ಥಿತಿಯಲ್ಲಿಲ್ಲ.

ಬೇಕಾದವರು ಆಮೆನ್ ಎನ್ನಿ ಎಂಬ ಆಹ್ವಾನವು ವಯಸ್ಕರ ಕಿವಿಗೆ ಉದಾರವಾಗಿ ಕೇಳಿಸುತ್ತದೆ. ಆದರೆ ಅಕ್ಷರವನ್ನೂ ಅಂಕಿಯನ್ನೂ ಕೈತೊಳೆಯುವ ಕ್ರಮವನ್ನೂ ಯಾರಿಂದ ಕಲಿಯುತ್ತಿದೆಯೋ ಆ ಉಪಾಧ್ಯಾಯಿನಿಯೇ ಕಣ್ಣು ಮುಚ್ಚಿ ಕೈಜೋಡಿಸಿದಾಗ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದೆಂಬ ಭಾವನೆ ಆ ವಯಸ್ಸಿನ ಮಗುವಿಗೆ ಬರುವುದೇ ಇಲ್ಲ. ಅವರು ಹೇಳಿದ್ದೆಲ್ಲವೂ ಅದಕ್ಕೆ ಒಂದೇ ತೂಕದ ಸತ್ಯ. ಉತ್ತರ ಐರ್ಲೆಂಡಿನ ಬೆಲ್ಫಾಸ್ಟಿನಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಬಾಲಕಿಯೊಬ್ಬಳು ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನು ತಿನ್ನುವ ಹೊತ್ತಿಗೆ ಮನೆಯಲ್ಲಿ ಹೇಳತೊಡಗಿದುದೇ ದೊಡ್ಡದೊಂದು ವ್ಯಾಜ್ಯಕ್ಕೆ ಮೂಲವಾಯಿತು. ಅದು ಚರ್ಚಿನ ಶಾಲೆಯಲ್ಲ, ಅಲ್ಲಿಯ ಕಾನೂನೂ ಇಂಗ್ಲೆಂಡಿನದಕ್ಕಿಂತ ಬೇರೆಯಾದದ್ದು, ನಿಜ. ಆದರೆ 2025ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಆ ಬಾಲಕಿಯ ಮತ್ತು ಆಕೆಯ ತಂದೆಯ ಪರವಾಗಿ ತೀರ್ಪಿತ್ತಾಗ ಹೇಳಿದ ಒಂದು ಮಾತು ಈ ಚರ್ಚೆಯ ಮರ್ಮವನ್ನೇ ಮುಟ್ಟುತ್ತದೆ. ಮಗುವನ್ನು ಹೊರಗಿರಿಸುವ ಹಕ್ಕೊಂದಿದೆಯೆಂದ ಮಾತ್ರಕ್ಕೆ ದೋಷವು ಪರಿಹಾರವಾಗದು. ಅದನ್ನು ಚಲಾಯಿಸುವ ಹೊರೆಯು ತಂದೆತಾಯಿಗಳ ಮೇಲೆ ಬೀಳುತ್ತದೆ, ಚಲಾಯಿಸಿದರೆ ಮಗುವಿಗೆ ಬೇರೆಯವಳೆಂಬ ಕಳಂಕ ಅಂಟುವ ಭಯವಿದೆ ಎಂಬುದು ನ್ಯಾಯಾಲಯದ ಅಭಿಪ್ರಾಯ.

ಪರಪಕ್ಷದವರು ಹೊಗಳಿದ ಆ ತೆರೆದ ಬಾಗಿಲಿನಿಂದ ಹೊರಕ್ಕೆ ಹೋದ ಮಗುವಿನ ಬಳಿಗೆ ಒಮ್ಮೆ ಹೋಗಿ ನೋಡಬೇಕು. ಗೆಳೆಯರೆಲ್ಲ ಸಾಲಾಗಿ ಸಭಾಂಗಣಕ್ಕೆ ನಡೆದ ಮೇಲೆ ಅದು ಗ್ರಂಥಾಲಯದ ಮೂಲೆಯಲ್ಲೋ ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಕುರ್ಚಿಯಲ್ಲೋ, ಚಿತ್ರಕ್ಕೆ ಬಣ್ಣ ತುಂಬುತ್ತ, ಸಹಾಯಕಿಯೊಬ್ಬಳ ಕಾವಲಿನಲ್ಲಿ ಕುಳಿತಿರುತ್ತದೆ. ಗೋಡೆಯಾಚೆಯಿಂದ ಹಾಡು ಕೇಳಿಸುತ್ತಿರುತ್ತದೆ. ಅಂದಿನ ಸಭೆಯಲ್ಲಿ ಹುಟ್ಟುಹಬ್ಬದ ಶುಭಾಶಯವೂ ಬಹುಮಾನ ವಿತರಣೆಯೂ ಇದ್ದರೆ ಅವೂ ಅದಕ್ಕೆ ತಪ್ಪುತ್ತವೆ. ತಾನು ಮಾಡಿದ ತಪ್ಪೇನೆಂದು ಅದು ಮನೆಯಲ್ಲಿ ಕೇಳಿದರೆ ಯಾವ ತಾಯಿ ತಾನೇ ಸಮಾಧಾನ ಹೇಳಿಯಾಳು? ಇದನ್ನು ಊಹಿಸಿಕೊಂಡೇ ಬಹುಮಂದಿ ತಂದೆತಾಯಿಗಳು ತಮ್ಮ ಹಕ್ಕನ್ನು ಉಪಯೋಗಿಸದೆ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯನ್ನು ಒಪ್ಪಿಗೆಯೆಂದು ಎಣಿಸುವುದು ಸರಿಯಲ್ಲ. ಹದಿನಾರು ದಾಟಿದ ವಿದ್ಯಾರ್ಥಿಗಳಿಗೆ ಆರಾಧನೆಯಿಂದ ತಾವಾಗಿಯೇ ಹೊರಗುಳಿಯುವ ಸ್ವಾತಂತ್ರ್ಯವನ್ನು ಕಾನೂನು ಕೊಟ್ಟಿದೆ. ಪ್ರಾಥಮಿಕ ಶಾಲೆಯ ಮಗುವಿಗೆ ಅದೂ ಇಲ್ಲ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಆರಾಧನೆಗೆ ಕಡ್ಡಾಯವಾಗಿ ಹಾಜರಾಗಬೇಕೆಂಬ ವಿಧಿಯನ್ನು ರದ್ದುಗೊಳಿಸಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು 2016ರಲ್ಲಿ ಬ್ರಿಟನ್ನಿಗೆ ಸಲಹೆ ಮಾಡಿದ್ದು ಇದಕ್ಕಾಗಿಯೇ.

ಶಾಲೆಯನ್ನು ತಂದೆತಾಯಿಗಳೇ ಆರಿಸಿಕೊಂಡರಲ್ಲವೆ ಎನ್ನುವುದೂ ಎಲ್ಲೆಡೆ ಸಲ್ಲುವ ಮಾತಲ್ಲ. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಇರುವುದು ಒಂದೇ ಶಾಲೆ, ಅದೂ ಚರ್ಚಿನದು. ಅಲ್ಲಿಯ ನಿವಾಸಿಗೆ ಆಯ್ಕೆಯೆಂಬುದೇ ಇಲ್ಲ. ನಗರಗಳಲ್ಲಾದರೋ, ಅರ್ಜಿಗಳು ಹೆಚ್ಚಾದಾಗ ಚರ್ಚಿಗೆ ತಪ್ಪದೆ ಬರುವವರ ಮಕ್ಕಳಿಗೆ ಮೊದಲ ಸ್ಥಾನ ನೀಡಲು ಕಾನೂನು ಕೆಲವು ಶಾಲೆಗಳಿಗೆ ಅವಕಾಶ ಕೊಟ್ಟಿರುವುದರಿಂದ, ನಂಬಿಕೆಯಿಲ್ಲದವರೂ ಮಗುವಿನ ಪ್ರವೇಶಕ್ಕಾಗಿ ಭಾನುವಾರಗಳಂದು ಬೆಂಚಿನಲ್ಲಿ ಕುಳಿತು ಹಾಜರಿ ಹಾಕಿಸಿಕೊಳ್ಳುವ ದೈನ್ಯಕ್ಕಿಳಿಯುತ್ತಾರೆ. ಇದರಿಂದ ಆ ಕುಟುಂಬಕ್ಕಾಗುವ ಅವಮಾನಕ್ಕಿಂತ ಧರ್ಮಕ್ಕಾಗುವ ಅವಮಾನವೇ ದೊಡ್ಡದು. 1944ರ ಒಡಂಬಡಿಕೆಯನ್ನು ಎತ್ತಿ ಹೇಳುವವರು, ಇಂದು ಈ ಶಾಲೆಗಳ ಸಂಬಳಸಾರಿಗೆಯೆಲ್ಲವೂ ಸಾರ್ವಜನಿಕರ ತೆರಿಗೆಯಿಂದ ಸಲ್ಲುತ್ತಿರುವುದನ್ನೂ, ಚರ್ಚಿನ ಹತೋಟಿ ಅತ್ಯಧಿಕವಾಗಿರುವ ಅನುದಾನಿತ ಶಾಲೆಗಳಲ್ಲಿ ಕೂಡ ಕಟ್ಟಡದ ವೆಚ್ಚದಲ್ಲಿ ಚರ್ಚಿನ ಕಡೆಯವರು ಭರಿಸಬೇಕಾದ ಪಾಲು ಸಾಮಾನ್ಯವಾಗಿ ಶೇಕಡ 10 ಮಾತ್ರವೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಈ ಆಕ್ಷೇಪಣೆಯನ್ನು ಮೊದಲು ಎತ್ತಿದವರು ನಾಸ್ತಿಕರಲ್ಲ, ಕ್ರೈಸ್ತರೇ. 1902ರ ಕಾಯಿದೆಯು ಆಂಗ್ಲಿಕನ್ ಮತ್ತು ಕ್ಯಾಥೊಲಿಕ್ ಶಾಲೆಗಳಿಗೆ ಸ್ಥಳೀಯ ತೆರಿಗೆಯ ಹಣವನ್ನು ಕೊಡಿಸಿದಾಗ, ಬ್ಯಾಪ್ಟಿಸ್ಟರೇ ಮೊದಲಾದ ಸ್ವತಂತ್ರ ಪಂಗಡಗಳ ಸಾವಿರಾರು ಮಂದಿ ಸದ್ಗೃಹಸ್ಥರು, ತಮ್ಮ ಅಂತಃಕರಣವು ಒಪ್ಪದ ಬೋಧೆಗೆ ತೆರಿಗೆ ಕೊಡೆವೆಂದು ಹಟ ಹಿಡಿದು, ಮನೆಯ ಸಾಮಾನು ಜಪ್ತಿಯಾಗುವುದನ್ನು ಸಹಿಸಿದರು. ಕೆಲವರು ಸೆರೆಮನೆಗೂ ಹೋದರು. ದೇವರ ಮುಂದೆ ಮನುಷ್ಯನು ಸ್ವಯಂಪ್ರೇರಣೆಯಿಂದಲೇ ನಿಲ್ಲಬೇಕೆಂಬುದು ಅವರ ಶ್ರದ್ಧೆಯ ಮೂಲಾಧಾರವಾಗಿತ್ತು.

ನಮ್ಮ ಸಂವಿಧಾನದ 28ನೆಯ ವಿಧಿಯು ಇದೇ ತತ್ತ್ವವನ್ನು ಕಾನೂನಿನ ರೂಪಕ್ಕೆ ತಂದಿದೆ. ಸರ್ಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಸಮ್ಮತಿಯಿಲ್ಲದೆ, ಬಾಲಕನಾದರೆ ಪೋಷಕರ ಸಮ್ಮತಿಯಿಲ್ಲದೆ, ಧರ್ಮಬೋಧೆಗಾಗಲಿ ಉಪಾಸನೆಗಾಗಲಿ ಹಾಜರಾಗುವಂತೆ ಮಾಡಕೂಡದೆಂದು ಅದು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಬೇಡವೆನ್ನುವವನು ಎದ್ದು ಹೇಳಬೇಕು. ನಮ್ಮಲ್ಲಿ ಬೇಕೆನ್ನುವವನು ಮೊದಲು ಒಪ್ಪಬೇಕು. ಇಷ್ಟರಿಂದ ಇಲ್ಲಿಯ ಕ್ರೈಸ್ತ ಶಾಲೆಗಳ ಕೀರ್ತಿಗೆ ಕುಂದೇನೂ ಬಂದಿಲ್ಲ.

ಪರಿಹಾರಕ್ಕಾಗಿ ಹೊರದೇಶದ ಮಾದರಿಯನ್ನೇ ಅನುಸರಿಸಬೇಕಾಗಿಯೂ ಇಲ್ಲ. ಧರ್ಮಬೋಧೆಯೂ ಪ್ರಾರ್ಥನೆಯೂ ಶಾಲಾವೇಳೆಯ ಆರಂಭದಲ್ಲಿಯೋ ಅಂತ್ಯದಲ್ಲಿಯೋ ಮಾತ್ರ ನಡೆಯಬೇಕೆಂದೂ, ಬೇಡವಾದವರಿಗೆ ಅದರಿಂದ ಬೇರಾವ ಪಾಠವೂ ತಪ್ಪಬಾರದೆಂದೂ ಇಂಗ್ಲೆಂಡಿನ 1870ರ ಕಾಯಿದೆಯೇ ಒಂದು ನಿಯಮ ಮಾಡಿತ್ತು. ಆ ನಿಯಮವನ್ನು ಮತ್ತೆ ಜಾರಿಗೆ ತಂದು, ಅದಕ್ಕೆ ತಂದೆತಾಯಿಗಳ ಮುನ್ನೊಪ್ಪಿಗೆಯನ್ನು ಸೇರಿಸಿದರೆ ಸಾಕು. ಕಥೆ, ಹಾಡು, ಮೌನ, ಸುಗ್ಗಿಯ ಹಬ್ಬಕ್ಕೆ ಬಡವರಿಗಾಗಿ ತರುವ ಧಾನ್ಯದ ಪೊಟ್ಟಣ, ಸಹಪಾಠಿಗಾಗಿ ಒಟ್ಟಿಗೆ ಅಳುವ ಅವಕಾಶ, ಇವೆಲ್ಲವೂ ಎಲ್ಲರ ಸಭೆಯಲ್ಲಿ ಉಳಿಯಲಿ. ಧರ್ಮಗಳ ಅಧ್ಯಯನವು ಯಾವ ಮಗುವಿಗೂ ತಪ್ಪದ ಪಾಠವಾಗಲಿ. ದೇವರನ್ನು ಬೇಡುವ ಆ ಐದು ನಿಮಿಷಗಳು ಮಾತ್ರ, ಘಂಟೆ ಬಾರಿಸುವುದಕ್ಕೆ ಮುಂಚೆ, ಒಪ್ಪಿ ಬಂದವರದಾಗಲಿ. ಅಂಥ ಏರ್ಪಾಟಿನಲ್ಲಿ ಬರುವ ಮಕ್ಕಳ ಸಂಖ್ಯೆ ಕಡಮೆಯಾದರೂ, ಬಂದವರು ಮನೆಯವರ ಒಪ್ಪಿಗೆಯಿಂದ ಬಂದವರೆಂದು ಚರ್ಚು ನೆಮ್ಮದಿಯಾಗಿ ಹೇಳಿಕೊಳ್ಳಬಹುದು. ಇಂದಿನ ವಿಧಿಯಲ್ಲಿ ಹಾಗೆ ಹೇಳಿಕೊಳ್ಳುವ ಅಧಿಕಾರ ಅದಕ್ಕಿಲ್ಲ.